ಸುಭಾನಸಾಬರ ಗಾಜಿನ ಕುಪ್ಪಿ

೧೮೫೮ರ ನರಗುಂದದ ಬಂಡಾಯಕ್ಕೆ ಇನ್ನೂ ಎರಡು ವರ್ಷವಿತ್ತು. ಜಕ್ಕಲಿಯ ಶಂಕ್ರವ್ವನಿಗೆ ಒಂದು ದಿನ ಸೊಸೆ ರೇಣುಕವ್ವ ಕೊಟ್ಟ ಮಜ್ಜಿಗೆ ಕಹಿಯೆನಿಸಿತು. ಕೊಣ್ಣೂರಿನಿಂದ ಬಂದ ಹೊಸ ಸೊಸೆ, ಮಾತು ಕಡಿಮೆ. ಬಾಯಿ ಸುಮ್ಮನಿದ್ದವರ ಕೈ ಸುಮ್ಮನಿರುವುದಿಲ್ಲ ಎಂಬುದು ಶಂಕ್ರವ್ವನ ನಂಬಿಕೆ. ಅಂದಿನಿಂದ ಸೊಸೆ ತುಂಬಿದ ಕೊಡದ ನೀರನ್ನು ಅವಳು ಮುಟ್ಟಲಿಲ್ಲ. ಬೇಸಿಗೆಯ ಬಿಸಿಲಿನಲ್ಲೂ ತಾನೇ ಬಾವಿಗೆ ಹೋಗಿ ದಿನಕ್ಕೆ ಎರಡು ಬೊಗಸೆ ಕುಡಿದು ಬರುವಳು.

ನಾಲ್ಕನೆಯ ದಿನ ಮೂತ್ರ ಅರಿಸಿನ ಕದಡಿದಂತೆ ಬಂತು. ಗುಮಾನಿ ಗಟ್ಟಿಯಾಯಿತು. ರೊಟ್ಟಿಯನ್ನೂ ಬಿಟ್ಟು, ಹೊಲದ ಬೇಲಿಯಲ್ಲಿ ಪಾಪಾಸುಕಳ್ಳಿಯ ಹಣ್ಣು ಕಿತ್ತು ಹೊಟ್ಟೆ ತುಂಬಿಸಿಕೊಂಡಳು. ಮುಳ್ಳಿನ ಹಣ್ಣಿಗೆ ವಿಷ ಹಾಕುವವರು ಯಾರು?

ಮರುದಿನ ಮೂತ್ರ ಕೆಂಪಗಿತ್ತು.

ಈ ಮನೆಯಲ್ಲಿ ಅವಳಿರಬೇಕು, ಇಲ್ಲವೆ ತಾನಿರಬೇಕು ಎಂದು ಮಗ ಅಂದಾನಪ್ಪನಿಗೆ ಹೇಳಿದಳು. ತಾಯಿಯ ಮಾತು ಮೀರದ ಅವನು ಹೆಂಡತಿಯ ಗಂಟನ್ನು ಗಾಡಿಯಲ್ಲಿಟ್ಟ.

ರೇಣುಕವ್ವ ಅಳಲಿಲ್ಲ. "ಒಮ್ಮಿ ಹಕೀಮರಿಗೆ ತೋರಸ್ರಿ. ಆಮ್ಯಾಲೆ ನಾನ ಗಾಡಿ ಹತ್ತತೇನಿ," ಎಂದಳು.

ರೋಣದಿಂದ ಹಕೀಮ ಸುಭಾನಸಾಬರು ಬಂದರು. ಶಂಕ್ರವ್ವನ ಮೂತ್ರವನ್ನು ತಮ್ಮ ಗಾಜಿನ ಕುಪ್ಪಿಯಲ್ಲಿ ತರಿಸಿ ಬಿಸಿಲಿಗೆ ಹಿಡಿದರು, ಕಟ್ಟೆಯ ಮೇಲಿಟ್ಟು ಬಹಳ ಹೊತ್ತು ಕಾದರು. ರಕ್ತವಾಗಿದ್ದರೆ ತಳದಲ್ಲಿ ಕೂಡಬೇಕಿತ್ತು; ಏನೂ ಕೂಡಲಿಲ್ಲ. ಆಮೇಲೆ ಅವರ ಕಣ್ಣು ಕುಪ್ಪಿ ಬಿಟ್ಟು ಶಂಕ್ರವ್ವನ ಬೆರಳಿಗೆ ಹೋಯಿತು.

"ಅವ್ವಾರ, ಬೆರಳಿಗೆ ಏನ ಚುಚ್ಚೇತ್ರಿ?"

ಶಂಕ್ರವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಿಡದೆ ಕೇಳಿದ ಮೇಲೆ ಬಾವಿಯದು, ಬೇಲಿಯದು ಎಲ್ಲ ಹೊರಬಂತು.

"ರಕ್ತ ಅಲ್ರಿ ಇದು, ಹಣ್ಣಿನ ಬಣ್ಣ. ಮೊದಲಿನ ಹಳದಿ, ನೀವು ನೀರು ಕಡಿಮಿ ಕುಡದಿದ್ದಕ್ಕ. ಹಣ್ಣು ಬಿಡ್ರಿ, ಸೊಸಿ ತಂದ ನೀರು ಎರಡು ದಿನ ಹೊಟ್ಟಿ ತುಂಬ ಕುಡೀರಿ. ಮತ್ತ ನೋಡೂಣು."

ಎರಡು ದಿನವೂ ಗಂಟು ಗಾಡಿಯಲ್ಲೇ ಇತ್ತು. ಪ್ರತಿ ತಂಬಿಗೆಯನ್ನೂ ರೇಣುಕವ್ವ ಮೊದಲು ಎತ್ತಿ ಹಿಡಿದು ಅರ್ಧ ಕುಡಿಯಬೇಕು. ಅವಳು ನುಂಗಿದ್ದನ್ನು ಗಂಟಲು ನೋಡಿ ಖಾತ್ರಿಮಾಡಿಕೊಂಡೇ ಅತ್ತೆ ಕೈಚಾಚುವಳು.

ಮೂರನೆಯ ಬೆಳಗ್ಗೆ ಕುಪ್ಪಿಯಲ್ಲಿ ಒಣಹುಲ್ಲಿನ ತಿಳಿ ಬಣ್ಣವಿತ್ತು. ಹಕೀಮರು ತಲೆಯಾಡಿಸಿದರು. ಅಂದಾನಪ್ಪ ಸದ್ದಿಲ್ಲದೆ ಗಂಟನ್ನು ಒಳಗೆ ತಂದಿಟ್ಟ.

ಶಂಕ್ರವ್ವ ಮಾತ್ರ ಕುಪ್ಪಿಯನ್ನು ಇನ್ನೂ ಬಿಸಿಲಿಗೆ ಹಿಡಿದಿದ್ದಳು.

"ಎರಡ ದಿನದಾಗ ಇಷ್ಟ ತಿಳಿ ಆಗಬೇಕಂದ್ರ ನೀರಾಗ ಏನ ಹಾಕಿದ್ಯವಾ?"

ರೇಣುಕವ್ವ ತಂಬಿಗೆ ತುಂಬಿ, ತಾನು ಅರ್ಧ ಕುಡಿದು, ಮುಂದೆ ಹಿಡಿದಳು. ಶಂಕ್ರವ್ವ ಅವಳ ಗಂಟಲು ನೋಡಿ, ತಂಬಿಗೆ ತೆಗೆದುಕೊಂಡಳು.