ಮುಂದಿನ ಬೆಂಚಿನವರು

ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರಿಗೆ ಶರ್ಟು ತೊಡಿಸುವುದೆಂದರೆ ಒಂದು ಸಣ್ಣ ಕುಸ್ತಿಯೇ ಸರಿ. ಮೊದಲು ಸ್ವಾಧೀನವಿಲ್ಲದ ಬಲಗೈ, ಆಮೇಲೆ ಎಡಗೈ. ಕ್ರಮ ತಪ್ಪಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಅವತ್ತು ಕ್ರಮ ತಪ್ಪಿತು. ಬಿಚ್ಚುವಾಗ ನನ್ನ ಭುಜ ಚಳಕ್ ಎಂದಿತು. ಹಾಸಿಗೆಯ ಅಂಚಿನಲ್ಲಿ ಕೂತು, ಗೋಡೆ ನೋಡುತ್ತ, "ಇವತ್ತೇ ಕೊನೆ" ಎಂದೆ.

ಅವರು ನನ್ನ ಮುಖ ನೋಡಿದರು. ಅರ್ಥವಾಯಿತೋ ಇಲ್ಲವೋ, ಆ ದೇವರಿಗೇ ಗೊತ್ತು. ಕೊನೆ ಎಂದದ್ದು ಅವರ ಆರೈಕೆಗಲ್ಲ, ಅದಕ್ಕೆಲ್ಲಿಯ ಕೊನೆ. ಪ್ರಾರ್ಥನಾ ಸಭೆಯಲ್ಲಿ ನಾನು ಮಾಡುವ ಕೆಲಸಕ್ಕೆ. ಆರಾಧನೆ ಮುಗಿದ ಕೂಡಲೇ ಪಾಸ್ಟರ್ ಹತ್ತಿರ ಹೋಗಿ, ಇನ್ನು ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ.

ನನ್ನ ಕೆಲಸ ಇಷ್ಟೇ. ವೇದಿಕೆಯ ಎಡಬದಿಯಲ್ಲಿ ನಿಂತು ಪಾಸ್ಟರ್ ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹೇಳುವುದು. ಮುಂದಿನ ಬೆಂಚಿನಲ್ಲಿ ಕಿವಿ ಕೇಳಿಸದ ಏಳೆಂಟು ಜನ ಕೂರುತ್ತಾರೆ. ನನ್ನ ಅಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಗಾಗಿ ನನಗೆ ಬಾಯಿಮಾತಿಗಿಂತ ಮೊದಲು ಕೈಮಾತು ಬಂತು. ಊಟದ ನಡುವೆ ಏನಾದರೂ ಹೇಳಹೊರಟರೆ ಅಮ್ಮ, "ಮೊದ್ಲು ಕೈ ತೊಳ್ಕೊಂಡು ಬಂದು ಮಾತಾಡು" ಎಂದು ಕೈಯಲ್ಲೇ ಗದರುತ್ತಿದ್ದಳು.

ಈ ಕೆಲಸಕ್ಕೆ ಕೆಲವು ಕಟ್ಟುಪಾಡುಗಳಿವೆ. ಕೈ ಎದ್ದು ಕಾಣಬೇಕು, ಅದಕ್ಕೇ ಕಪ್ಪು ಬಟ್ಟೆ, ಬಳೆ ಉಂಗುರ ಏನೂ ಇಲ್ಲ. ಹೇಳುವವರು 'ನಾನು' ಎಂದರೆ ನಾನೂ 'ನಾನು' ಎನ್ನಬೇಕು. 'ಪಾಸ್ಟರ್ ಹೀಗೆ ಹೇಳುತ್ತಿದ್ದಾರೆ' ಎಂದು ನಡುವೆ ಮೂಗು ತೂರಿಸುವಂತಿಲ್ಲ. ಬೆಂಚಿನವರು ಕೈಯಲ್ಲಿ ಏನಾದರೂ ಹೇಳಿದರೆ ಅದನ್ನು ಹಾಗೆಯೇ ಬಾಯಿಬಿಟ್ಟು ಹೇಳಬೇಕು, ಆಗಲೂ 'ನಾನು' ಅಂದರೆ ಅವರೇ. ಸ್ವಂತದ ಒಂದು ಮಾತೂ ಸೇರಿಸಕೂಡದು. ಮೊದಲು ನಾನೂ ಇನ್ನೊಬ್ಬ ಹುಡುಗಿಯೂ ಇದ್ದೆವು, ಸ್ವಲ್ಪ ಹೊತ್ತು ಅವಳು, ಸ್ವಲ್ಪ ಹೊತ್ತು ನಾನು. ಅವಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಅಂದಿನಿಂದ ಇಡೀ ಆರಾಧನೆ ನನ್ನೊಬ್ಬಳ ತೋಳಿನ ಮೇಲೆ ನಡೆಯುತ್ತಿದೆ.

ಇನ್ನು ಯಜಮಾನರ ವಿಷಯ. ಅವರು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಎಂಥ ಗಂಟಲು ಅಂತೀರಿ. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಬೀದಿಯವರು ಉಪ್ಪು ಹುಡುಕಬೇಕು, ಹಾಗೆ. ಕಳೆದ ವರ್ಷ ಒಂದು ಬೆಳಿಗ್ಗೆ ಟೊಮೆಟೊ ರಾಶಿಯ ಮುಂದೆ ನಿಂತು "ಒಂದ್ಸಲ, ಎರಡ್ಸಲ" ಎಂದರಂತೆ. ಮೂರನೆಯದು ಬರಲಿಲ್ಲ. ರಾಶಿಯ ಮೇಲೇ ಕುಸಿದರು. ಪಾರ್ಶ್ವವಾಯು ಬಲಗೈ, ಬಲಗಾಲಿನ ಜೊತೆ ಮಾತನ್ನೂ ತಗೊಂಡು ಹೋಯಿತು. ಮಾತೆಲ್ಲ ಒಳಗೇ ಇದೆ, ಹೊರಗೆ ಬರುವ ದಾರಿ ಮುಚ್ಚಿದೆ, ಯಾವಾಗ ತೆರೆಯುತ್ತದೋ ಹೇಳಲಾಗದು ಎಂದರು ಡಾಕ್ಟರು.

ನಾನು ನಕ್ಕುಬಿಟ್ಟೆ. ಬಾಯಿಲ್ಲದಿದ್ದರೆ ಏನಂತೆ, ಕೈಯಿದೆಯಲ್ಲ, ನನಗಿಂತ ಚೆನ್ನಾಗಿ ಕಲಿಸುವವರು ಯಾರಿದ್ದಾರೆ ಎಂದುಕೊಂಡೆ. ನೀರು, ನೋವು, ಸಾಕು, ಬೇಕು, ಎಲ್ಲವನ್ನೂ ಮಗುವಿಗೆ ಹೇಳಿಕೊಡುವಂತೆ ಹೇಳಿಕೊಟ್ಟೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಎಡಗೈ ತೊಡೆಯ ಮೇಲಿಂದ ಏಳುತ್ತಿರಲಿಲ್ಲ. ಬಾಯಿಮಾತಿಗೆ ಮುಚ್ಚಿದ ದಾರಿ ಕೈಮಾತಿಗೂ ಮುಚ್ಚಿತ್ತು. ಊರಿಗೆಲ್ಲ ಕೈಮಾತು ಹಂಚುವವಳ ಮನೆಯಲ್ಲಿ ಗಂಡನಿಗೆ ನೀರು ಬೇಕೋ ಬೇಡವೋ ಎಂದು ಊಹಿಸಿಕೊಂಡು ಕೂರಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ಅಂಥದ್ದರಲ್ಲಿ ಪಾಸ್ಟರ್ 'ಕಾಯುವುದು' ಎಂಬ ವಿಷಯ ಹಿಡಿದುಕೊಂಡರು. ವಾರ ವಾರವೂ ಅದೇ. ಮುದುಕನಾಗುವ ತನಕ ಮಗನಿಗಾಗಿ ಕಾದ ಅಬ್ರಹಾಮ. ಸೆರೆಮನೆಯಿಂದ ನನ್ನನ್ನೂ ಬಿಡಿಸು ಎಂದು ಕೇಳಿಕೊಂಡರೆ, ಜೊತೆಗಿದ್ದವನು ಹೊರಗೆ ಹೋಗಿ ಮರೆತುಬಿಟ್ಟಿದ್ದಕ್ಕೆ ಇನ್ನೆರಡು ವರ್ಷ ಒಳಗೇ ಕೊಳೆತ ಯೋಸೇಫ. ಎರಡು ವರ್ಷ ಎನ್ನಲು ಕೈಮಾತಿನಲ್ಲಿ ಎರಡು ಬೆರಳು ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಯೋಸೇಫನಿಗೆ ಹಾಗೆ ಮುಗಿಯಿತೇ? ಕೈ ತನ್ನ ಪಾಡಿಗೆ ಹೇಳುತ್ತಿತ್ತು, ಒಳಗೆ ನಾನು ಪಾಸ್ಟರ್ ಜೊತೆ ಜಗಳವಾಡುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ. ಪ್ರತಿ ವಾರ ಮೆಟ್ಟಿಲ ಹತ್ತಿರ ಕಾದಿದ್ದು, ಅಂಗಿಯ ತೋಳು ಮಡಚಿ, ಯಜಮಾನರನ್ನು ಗಾಲಿಕುರ್ಚಿ ಸಮೇತ ಎತ್ತಿ ಒಳಗೆ ತರುವವರು ಅವರೇ. ಆದರೆ ನಂಬಿಕೆಯಿಲ್ಲದ ಮಾತನ್ನು 'ನಾನು' ಎಂದು ಎದೆ ಮುಟ್ಟಿಕೊಂಡು ಹೇಳಿ ಹೇಳಿ ನನಗೆ ಸಾಕಾಗಿತ್ತು. ನಿಜ ಹೇಳಬೇಕೆಂದರೆ ನಂಬಿಕೆ ಇಲ್ಲವೆಂದಲ್ಲ, ಅದೂ ದಣಿದಿತ್ತು.

ಅವತ್ತಿನ ಓದು ಮೋಶೆಯದು. ಕಣಿವೆಯಲ್ಲಿ ಯುದ್ಧ, ಗುಡ್ಡದ ಮೇಲೆ ಮೋಶೆ. ಅವನು ಕೈ ಎತ್ತಿರುವ ತನಕ ಅವನ ಜನ ಗೆಲ್ಲುತ್ತಾರೆ, ಕೈ ಇಳಿಸಿದರೆ ಸೋಲುತ್ತಾರೆ. ಅವನ ಕೈ ಸೋತು ಭಾರವಾದಾಗ ಜೊತೆಗಿದ್ದ ಇಬ್ಬರು ಒಂದು ಕಲ್ಲು ತಂದು ಅವನನ್ನು ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು, ಹೊತ್ತು ಮುಳುಗುವ ತನಕ ಕೈಗಳನ್ನು ಹಿಡಿದಿದ್ದರು. ಇದನ್ನು ಕೈಮಾತಿನಲ್ಲಿ ಹೇಳಬೇಕಾದರೆ ತೋಳೆತ್ತಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ಬೆಳಿಗ್ಗೆ ಶರ್ಟು ಬಿಚ್ಚುವಾಗ ನೊಂದ ಭುಜ ಪ್ರತಿ ಸಲವೂ ಜೀವ ಹಿಂಡಿತು.

ಓದು ಮುಗಿಸಿ ಪಾಸ್ಟರ್ ಹೇಳಿದರು, "ಪ್ರಿಯರೇ, ದೇವರು ನಂಬಿಗಸ್ತ. ಆತನ ಸಮಯ ಯಾವತ್ತೂ ತಡ ಅಲ್ಲ. ನಾನು ಕಾಯ್ತೀನಿ, ನನಗೆ ಬೇಸರ ಇಲ್ಲ."

ನನ್ನ ಕೈ ಹೇಳಿತು, "ದೇವರು ತಡ ಮಾಡಿದ್ದಾನೆ. ತುಂಬಾ ತಡ. ನನಗೆ ಸಾಕಾಗಿದೆ."

ಬೇಕೆಂದು ಮಾಡಿದ್ದಲ್ಲ. ಹೇಳಿ ಮುಗಿದ ಮೇಲೆ ನನ್ನ ಕೈಗಳನ್ನು ನಾನೇ ಬೇರೆ ಯಾರದ್ದೋ ಎಂಬಂತೆ ನೋಡಿದೆ. ಹಿಂದೆ ಕೂತಿದ್ದ ಇನ್ನೂರು ಜನರಿಗೆ ಏನೂ ತಿಳಿಯಲಿಲ್ಲ, "ಆಮೆನ್" ಎಂದರು. ಗೊತ್ತಾದದ್ದು ಮುಂದಿನ ಬೆಂಚಿಗೆ ಮಾತ್ರ. ಅವರೆಲ್ಲ ಒಟ್ಟಿಗೆ ಪಾಸ್ಟರ್ ಕಡೆ ತಿರುಗಿದರು. ಅವರ ಲೆಕ್ಕಕ್ಕೆ ದೇವರು ತಡ ಮಾಡಿದ್ದಾನೆ ಎಂದ ಪಾಸ್ಟರ್ ನಗುನಗುತ್ತ ನೀರು ಕುಡಿಯುತ್ತಿದ್ದರು. ಬೆಂಚಿನವರು ಮತ್ತೆ ನನ್ನ ಕಡೆ ತಿರುಗಿದರು.

ಬೆಂಚಿನ ತುದಿಯಲ್ಲಿ ಕೂರುವ ಇಸ್ತ್ರಿ ಅಂಗಡಿಯ ಅಕ್ಕ ಕೈಯಲ್ಲಿ ಕೇಳಿದಳು, "ಯಾರು ಹೇಳಿದ್ದು? ಅವರಾ, ನೀನಾ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ತ್ರಾಣ ಬೇಕು. "ನಾನು" ಎಂದು ಎದೆ ಮುಟ್ಟಿಕೊಂಡೆ. ಆ ಜಾಗದಲ್ಲಿ ನಿಂತು ಅಷ್ಟು ವರ್ಷಗಳಲ್ಲಿ ಮೊದಲ ಸಲ 'ನಾನು' ಎಂದರೆ ನಾನೇ ಆಗಿದ್ದೆ. ಕೈಗಳು ತಾವಾಗಿ ಕೆಳಗೆ ಬಿದ್ದವು.

ಪಾಸ್ಟರ್ ಮಾತು ಮುಂದುವರಿಸಿದ್ದರು. ನಾನು ಹೇಳಲಿಲ್ಲ. ಬೆಂಚಿನವರು ಎದ್ದು ಹೋಗುತ್ತಾರೆ ಅಥವಾ ದೂರು ಹೇಳುತ್ತಾರೆ ಎಂದುಕೊಂಡೆ, ಹಾಗೆ ಮಾಡಿದ್ದರೂ ನ್ಯಾಯವೇ. ಆದರೆ ನಡುವೆ ಕೂತಿದ್ದ ದರ್ಜಿ ತಾತ ಕನ್ನಡಕ ಹಣೆಗೇರಿಸಿ ನಿಧಾನವಾಗಿ ಕೈ ಆಡಿಸಿದರು. ಸೂಜಿ ಹಿಡಿದು ಸೊಟ್ಟಗಾದ ಬೆರಳುಗಳು, ಅವರ ಕೈಮಾತು ಸ್ವಲ್ಪ ತೊದಲು.

"ಎಷ್ಟು ಕಾಲ ಸ್ವಾಮಿ, ನನ್ನನ್ನ ಮರೆತೇಬಿಟ್ಟೆಯಾ ಅಂತ ಬೈಬಲಿನ ಕೀರ್ತನೆಯಲ್ಲಿ ಅದನ್ನ ಬರೆದ ಅರಸನೇ ಕೇಳ್ತಾನೆ. ನೀನೇ ನಮಗೆ ಹೇಳಿದ್ದು. ಹಾಗೆ ಕೇಳಿದ ಅಂತ ದೇವರೇನೂ ಅವನನ್ನ ಆಚೆ ಹಾಕ್ಲಿಲ್ಲ."

ನಾನು ತಲೆಯಾಡಿಸಿದೆ. ಕಣ್ಣು ಮಂಜಾಗಿತ್ತು, ಕೈಮಾತಿಗೆ ಕಣ್ಣು ಮಂಜಾಗುವುದೆಂದರೆ ಕಿವಿ ಮುಚ್ಚಿದ ಹಾಗೆ. ಒರೆಸಿಕೊಂಡು ನೋಡಿದೆ.

"ಬಾಗಿಲ ಹತ್ರ ಸಿಕ್ಕಾಗೆಲ್ಲ ಹೇಗಿದ್ದೀಯ ಅಂತ ಕೇಳ್ತಿದ್ವಿ. ಚೆನ್ನಾಗಿದ್ದೀನಿ ಅಂತ ಜಾರಿಕೊಳ್ತಿದ್ದೆ," ಎಂದರು ತಾತ. "ನಿನ್ನ ಕೈಯಲ್ಲಿ ಬೇರೆಯವರ ಮಾತು ನೋಡಿ ನೋಡಿ ಸಾಕಾಗಿತ್ತು. ನಿನ್ನ ಮಾತಿಗೆ ಕಾಯ್ತಾ ಇದ್ವಿ."

ಅಷ್ಟರಲ್ಲಿ ಇಸ್ತ್ರಿ ಅಕ್ಕ ಎದ್ದಿದ್ದಳು. ಅವಳಿಗೆ ಸದ್ದಿನ ಪರಿವೆ ಇಲ್ಲವಲ್ಲ, ಗೋಡೆ ಬದಿಯಲ್ಲಿದ್ದ ಕಬ್ಬಿಣದ ಕುರ್ಚಿಯನ್ನು ನೆಲದ ಮೇಲೆ ಕರಕರ ಎಳೆದುಕೊಂಡು ವೇದಿಕೆಗೆ ತಂದಳು. ಇಡೀ ಸಭೆ ಹಲ್ಲು ಕಚ್ಚಿಕೊಂಡಿತು. ಪಾಸ್ಟರ್ ಮಾತು ನಿಲ್ಲಿಸಿದರು.

"ಏನಾಯ್ತಮ್ಮಾ?" ಎಂದು ಕೇಳಿದರು.

ಆ ಹೊತ್ತಿಗೆ ಬೆಂಚಿನ ಪಕ್ಕದ ಗಾಲಿಕುರ್ಚಿಯಲ್ಲಿ ಏನೋ ಅಲುಗಿತು. ಕೆಲಸದ ನಡುವೆ ಕಣ್ಣಿಗೆ ಬೀಳುತ್ತಿರಲಿ ಎಂದು ನಾನು ಯಜಮಾನರನ್ನು ಪ್ರತಿ ವಾರ ಅಲ್ಲೇ ಕೂರಿಸುತ್ತಿದ್ದೆ. ಅವರ ಎಡಗೈ ತೊಡೆಯಿಂದ ಎದ್ದಿತ್ತು. ಅದು ಬಲಗೈಯ ಹತ್ತಿರ ಹೋಯಿತು. ಸ್ವಾಧೀನವಿಲ್ಲದ ಆ ಕೈಯ ಎರಡು ಬೆರಳುಗಳನ್ನು ಎಳೆದು ನೇರ ಮಾಡಿತು. ಬೆರಳುಗಳು ಮತ್ತೆ ಮಡಚಿಕೊಂಡವು. ಎಡಗೈ ಮತ್ತೆ ನೇರ ಮಾಡಿತು. ಆಮೇಲೆ ಎಡಗೈಯ ಎರಡು ಬೆರಳು ಬಾಗಿ, ಬಲಗೈಯ ಬೆರಳುಗಳ ಮೇಲೆ, ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತವರ ಹಾಗೆ ಕೂತವು.

ಅದನ್ನು ನಾನು ಅವರಿಗೆ ಯಾವತ್ತೂ ಕಲಿಸಿರಲಿಲ್ಲ. ಪ್ರತಿ ಭಾನುವಾರ, ಪ್ರತಿ ಹಾಡು ಮುಗಿದ ಮೇಲೆ, ಪಾಸ್ಟರ್ ಎಲ್ಲರಿಗೂ ಹೇಳುವ ಮಾತು ಅದು. ಪ್ರತಿ ಸಲವೂ ನನ್ನ ಕೈ ಅದನ್ನು ಹೇಳಿದೆ. ಅವರು ನೋಡಿದ್ದಾರೆ.

"ಏನಂತೆ? ಏನಂದ್ರು ಅವ್ರು?" ಪಾಸ್ಟರ್ ದನಿ ಇಳಿದಿತ್ತು. ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

ಕಟ್ಟುಪಾಡು ಕಟ್ಟುಪಾಡೇ. ಕೈಯಲ್ಲಿ ಬಂದದ್ದನ್ನು ಹಾಗೆಯೇ ಬಾಯಿಬಿಟ್ಟು ಹೇಳಬೇಕು, ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಮಾರುಕಟ್ಟೆಯ ಆ ತುದಿಗೆ ಕೇಳಿಸುತ್ತಿದ್ದ ಗಂಟಲಿನ ಮಾತನ್ನು ನನ್ನ ಸಣ್ಣ ದನಿಯಲ್ಲಿ ಹೇಳಿದೆ.

"ಕೂತ್ಕೋ."

ಕೂತೆ. ಕುರ್ಚಿ ತಣ್ಣಗಿತ್ತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಯಾರೂ ಹಾಡು ಶುರು ಮಾಡಲಿಲ್ಲ, ಅದಕ್ಕೆ ನಾನು ಇಂದಿಗೂ ಋಣಿ. ದರ್ಜಿ ತಾತ ಬಂದು ನನ್ನ ಬಲ ಮೊಣಕೈಯ ಕೆಳಗೆ ಅಂಗೈ ಇಟ್ಟರು, ಇಸ್ತ್ರಿ ಅಕ್ಕ ಎಡಕ್ಕೆ. "ಹೊತ್ತು ಮುಳುಗೋ ತನಕ ಹಿಡ್ಕೋಬೇಕಾ? ನನಗೆ ಮಧ್ಯಾಹ್ನ ಅಂಗಡಿ ತೆಗೀಬೇಕು," ಎಂದು ತಾತ ಬಿಡುವಿದ್ದ ಕೈಯಲ್ಲಿ ಕೇಳಿದರು. ಅಳುವಿನ ನಡುವೆಯೇ ನಗು ಬಂತು.

ಪಾಸ್ಟರ್ ಪ್ರಸಂಗ ಮುಂದುವರಿಸಲಿಲ್ಲ. "ನಾನೂ ಸುಸ್ತಾಗಿದ್ದೀನಿ," ಎಂದು ಹೇಳಿ ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಆ ಮಾತನ್ನು ಕೈಯಲ್ಲಿ ಹೇಳಿದೆ. ಅವತ್ತು ಅವರ 'ನಾನು' ಸರಿಯಾಗಿ ಹೇಳಿದ್ದು ಅದೊಂದೇ ಸಲ.

ಮನೆಗೆ ಬಂದ ಮೇಲೆ ನೀರು ಬೇಕಾ ಎಂದು ಯಜಮಾನರನ್ನು ಕೈಯಲ್ಲಿ ಕೇಳಿದೆ. ಎಡಗೈ ತೊಡೆಯ ಮೇಲೇ ಇತ್ತು. ನೋವಿದೆಯಾ ಎಂದೆ. ಅದಕ್ಕೂ ಏಳಲಿಲ್ಲ. ಇನ್ನೊಂದು ಮಾತು ಯಾವಾಗ ಬರುತ್ತದೋ, ನನಗೆ ತಿಳಿಯದು. ಕೊಡುವವನಿಗೆ ಅವನದೇ ಒಂದು ಹೊತ್ತಿದೆ ಎಂದು ಈಗ ಜಗಳವಾಡದೆ ಹೇಳಬಲ್ಲೆ, ದಿನಾ ಅಲ್ಲ, ಕೆಲವು ದಿನ. ಶರ್ಟು ಬಿಚ್ಚಿದೆ. ಬಿಚ್ಚುವಾಗ ಮೊದಲು ಎಡಗೈ, ಆಮೇಲೆ ಬಲಗೈ.

ಪಾಸ್ಟರಿಗೆ ಹೇಳಬೇಕೆಂದಿದ್ದ ಮಾತನ್ನು ಹೊರಡುವ ಮೊದಲು ಮೆಟ್ಟಿಲ ಹತ್ತಿರ ಹೇಳಿಯೇ ಬಂದಿದ್ದೆ. ಇನ್ನು ನಿಂತುಕೊಂಡು ನನ್ನಿಂದ ಆಗುವುದಿಲ್ಲ, ಮುಂದಿನ ವಾರದಿಂದ ಆ ಕುರ್ಚಿ ಅಲ್ಲೇ ಇರಲಿ ಎಂದೆ.