ಜೋಲನ ಕಿವಿ

ಆ ನಾಯಿ ತಲೆ ಕೊಡವಿದರೆ ಯಾರೋ ಒದ್ದೆ ಬಟ್ಟೆಯನ್ನು ಝಾಡಿಸಿದಂತೆ ಕೇಳುತ್ತಿತ್ತು. ಮೊದಲು ಒಂದೆರಡು ಸಲ, ಆಮೇಲೆ ತಡೆಯಿಲ್ಲದೆ, ಕೊನೆಗೊಂದು ಸಣ್ಣ ನರಳಿಕೆ. ಈಗಲೂ ಯಾರದಾದರೂ ಹಿತ್ತಲಲ್ಲಿ ಬಟ್ಟೆ ಝಾಡಿಸಿದರೆ ನನ್ನ ಮಾತು ಅರ್ಧಕ್ಕೇ ನಿಂತುಬಿಡುತ್ತದೆ.

ಆಗ ನಾನು ಊರಾಚೆಯ ಕಲ್ಲುಕ್ವಾರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಕೋಣೆಯ ಪಕ್ಕದ ಶೀಟಿನ ಮನೆಯಲ್ಲಿ ಮುದ್ದೀರಪ್ಪನಿದ್ದ. ಬಂಡೆಗೆ ಮದ್ದು ಸಿಡಿಸುವ ಮೊದಲು ಸೀಟಿ ಊದಿ ಜನರನ್ನು ಹೊರಗೆ ಕಳಿಸುವುದು ಅವನ ಕೆಲಸ. ಹೆಂಡತಿ ತೀರಿಹೋಗಿದ್ದಳು, ಮಗಳನ್ನು ದೂರದೂರಿಗೆ ಕೊಟ್ಟಿದ್ದ. ಉಳಿದದ್ದು ಆ ನಾಯಿ, ಜೋಲ. ಕೆನ್ನೆಯವರೆಗೆ ಜೋತುಬಿದ್ದ ಕಿವಿಗಳಿಂದ ಆ ಹೆಸರು ಬಂದಿತ್ತು. ಮೊದಲ ಸೀಟಿಗೇ ಅದು ಎಲ್ಲರಿಗಿಂತ ಮುಂಚೆ ಗುಂಡಿಯಿಂದ ಮೇಲಕ್ಕೋಡಿ ಬರುತ್ತಿತ್ತು.

ಹೊಂಡದ ನೀರಿನಲ್ಲಿ ಈಜುವ ಚಟದಿಂದ ಜೋಲನ ಕಿವಿ ಒಳಗೊಳಗೇ ಹುಣ್ಣಾಯಿತು. ದನದ ಡಾಕ್ಟರು ಔಷಧಿ ಕೊಟ್ಟು, ಹದಿನೈದು ದಿನ ಬಿಡದೆ ಹಾಕಬೇಕು, ಬಿಟ್ಟರೆ ಕಿವಿ ಕೇಳದಂತಾಗುತ್ತದೆ ಎಂದಿದ್ದರು. ಎರಡು ದಿನ ಹಾಕುವಷ್ಟರಲ್ಲಿ ಮುದ್ದೀರಪ್ಪನ ಅಣ್ಣ ತೀರಿಕೊಂಡ ಸುದ್ದಿ ಬಂತು. ತಿಥಿ ಮುಗಿಸಿ ಬರುವವರೆಗೆ ನೋಡಿಕೊಳ್ಳಿ ಎಂದು ಸೀಸೆಯನ್ನು ನನ್ನ ಕೈಗಿಟ್ಟ. ಹೊರಡುವ ಗಡಿಬಿಡಿಯಲ್ಲೂ ಕೂತು ತೋರಿಸಿಕೊಟ್ಟ: ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುವುದು, ಕಿವಿಯನ್ನು ಮಡಚಿ ನಾಲ್ಕು ಹನಿ ಬಿಡುವುದು, ಬುಡವನ್ನು ಮೆತ್ತಗೆ ನೀವುವುದು.

"ಕಡ್ಡಿ ಒಳಕ್ಕೆ ಹಾಕಬ್ಯಾಡಿ ಸಾಮಿ. ಅದೇ ತಲೆ ಕೊಡವ್ತದೆ. ಹೊರಗೆ ಬಂದಿದ್ದನ್ನ ಹತ್ತೀಲಿ ಒರೆಸಿದ್ರೆ ಸಾಕು."

ಎರಡು ದಿನ ಹಾಕಿದೆ. ಮೂರನೆಯ ದಿನ ಕಿವಿ ಮಡಚಿದಾಗ ಬಂದ ಕೊಳೆತ ವಾಸನೆಗೆ ಮುಖ ತಿರುಗಿಸಿದೆ. ನೋವಿಗೆ ನಾಯಿಯೂ ಗುರ್ರೆಂದಿತು. ನಾಳೆ ಹಾಕೋಣವೆಂದು ಎದ್ದೆ. ಆ ನಾಳೆ ಬರಲೇ ಇಲ್ಲ. ಗೋಡೆಯಾಚೆ ಅದು ಕಿವಿ ಬಡಿಯುವ ಸದ್ದು ಕೇಳಿದಾಗಲೆಲ್ಲ ಎದ್ದು ಕಿಟಕಿ ಮುಚ್ಚುತ್ತಿದ್ದೆ. ಊಟ ಮಾತ್ರ ತಪ್ಪದೆ ಹಾಕಿದೆ.

ಹದಿಮೂರನೆಯ ದಿನ ಮುದ್ದೀರಪ್ಪ ಬಂದ. ಅಷ್ಟರಲ್ಲಿ ಔಷಧಿಯನ್ನು ಮಣ್ಣಿಗೆ ಸುರಿದು ಸೀಸೆಯನ್ನು ಖಾಲಿ ಮಾಡಿದ್ದೆ.

"ದಿನಾ ಹಾಕಿದ್ರಾ ಸಾಮಿ?"

"ಹಾಕಿದೆ."

ಅವನು ಎರಡೂ ಕೈ ಜೋಡಿಸಿದ.

ಮರುದಿನ ಬೆಳಿಗ್ಗೆ ಸೀಟಿಯಾಯಿತು. ಜನ ಮೇಲೆ ಬಂದರು, ಆಚೆ ಬದಿಯಲ್ಲಿ ಮದ್ದಿನ ಬತ್ತಿಗೆ ಬೆಂಕಿಯೂ ಬಿತ್ತು. ಆಗ ಯಾರೋ ಕೆಳಗೆ ಕೈ ತೋರಿಸಿದರು. ಬಂಡೆಯ ನೆರಳಿನಲ್ಲಿ ಜೋಲ ನಮಗೆ ಬೆನ್ನು ಹಾಕಿ ಮಲಗಿತ್ತು. ಮುದ್ದೀರಪ್ಪ ಮತ್ತೆ ಊದಿದ, ಉಸಿರು ಕಟ್ಟುವವರೆಗೆ ಊದಿದ. ನಾಯಿ ತಲೆಯೆತ್ತಲಿಲ್ಲ. ಅದಕ್ಕೆ ಯಾಕೆ ಕೇಳುತ್ತಿಲ್ಲವೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನ್ನೊಬ್ಬನಿಗೆ. ಅವನು ಸೀಟಿ ಬಿಸುಟು ಇಳಿಜಾರಿನಲ್ಲಿ ಓಡಿದ. ಅವನನ್ನು ಹಿಡಿಯಿರೆಂದು ನಾನು ಕೂಗಲೂ ಇಲ್ಲ.

ಮದ್ದು ಸಿಡಿದು ಧೂಳು ಇಳಿದಾಗ ಇಬ್ಬರೂ ಬದುಕಿದ್ದರು. ನಾಯಿಯ ಮೇಲೆ ಅವನು ಕವಿದು ಬಿದ್ದಿದ್ದ. ಬೆನ್ನಿನ ಗಾಯ ತಿಂಗಳಲ್ಲಿ ಮಾಯಿತು. ಅವನ ಎರಡೂ ಕಿವಿಗಳಿಂದ ರಕ್ತ ಸೋರಿತ್ತು. ಅವು ಮಾತ್ರ ಮತ್ತೆ ಸರಿಹೋಗಲಿಲ್ಲ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೋದೆ. ಮುದ್ದೀರಪ್ಪ ಜಗಲಿಯಲ್ಲಿ ಕೂತು ಜೋಲನ ಕಿವಿಗೆ ಹೊಸ ಔಷಧಿ ಹಾಕುತ್ತಿದ್ದ. ಆರೈಕೆಗೆಂದು ಬಂದಿದ್ದ ಮಗಳು ಚಂದ್ರಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ತಲೆ ತಗ್ಗಿಸಿ, ಔಷಧಿ ಹಾಕಿರಲಿಲ್ಲ, ನೆಲಕ್ಕೆ ಸುರಿದೆ ಎಂದೆ. ಅವನು ಗುರುತಿನ ನಗೆ ನಕ್ಕು ಸ್ವಲ್ಪ ಮುಂದೆ ಬಾಗಿದ. ಚಂದ್ರಿಯ ಕೈ ಮೊರದ ಮೇಲೆ ನಿಂತಿತು.

"ಅಪ್ಪಗೆ ಕೇಳಿಲ್ಲ," ಎಂದಳು. "ನಂಗೆ ಕೇಳ್ತು. ನಾನಂತೂ ಹೇಳಲ್ಲ. ನೀವೇ ಜೋರಾಗಿ ಹೇಳಿ."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಉಸಿರು ಎಳೆದುಕೊಂಡೆ. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದೆ, "ಹುಷಾರಾಗಿದ್ದೀಯಾ, ಮುದ್ದೀರಪ್ಪ?"

ಚಂದ್ರಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ಅದೂ ಕೇಳಿರಲಿಲ್ಲ. ಮತ್ತೊಮ್ಮೆ ಹೇಳಲಿ ಎಂಬಂತೆ ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ನನ್ನ ತುಟಿಗಳನ್ನೇ ನೋಡುತ್ತ ಕಾದಿದ್ದ.