ಗಂಡಿನ ಕಡೆ ಕೂತವಳು

ಮುತ್ತುಗದೆಲೆಗೆ ಚಿಮುಕಿಸಿದ ನೀರು ನಿಲ್ಲುವುದೇ ಇಲ್ಲ, ಮಣಿಮಣಿಯಾಗಿ ಉರುಳಿ ನೆಲಕ್ಕೆ ಬೀಳುತ್ತದೆ, ಏಕನಾಥಮ್ಮ ಅದನ್ನೇ ನೋಡುತ್ತಾಳೆ, ಬಕೆಟ್ಟಿನ ಸದ್ದು, ಸಾರಿನ ಹಬೆ, ವಾಲಗದವರು ಹೊರಗೆ ಜಗಲಿಯ ಮೇಲೆ ಬೀಡಿ ಹಚ್ಚಿದ್ದಾರೆ, ಇನ್ನೇನು ಅನ್ನ ಬರುತ್ತದೆ, ಮೊದಲ ತುತ್ತು ಬಾಯಿಗೆ ಹೋಗುವ ತನಕ ತಡೆಯಬೇಕು, ಅದಕ್ಕಿಂತ ಮುಂಚೆ ಬಾಯಿ ತೆರೆದರೆ ಎದ್ದು ಹೋಗಿಯಾರು, ತುತ್ತು ಇಳಿದ ಮೇಲೆ ಪಂಕ್ತಿಯಿಂದ ಏಳುವ ಹಾಗಿಲ್ಲ, ಒಬ್ಬ ಎದ್ದರೆ ಎಲ್ಲರ ಊಟ ಕೆಟ್ಟಂತೆ, ಬೀಗರ ಹಾಡನ್ನು ಹಿರಿಯರು ಊಟದ ಹೊತ್ತಿಗೇ ಇಟ್ಟದ್ದು ಅದಕ್ಕೇ ಇರಬೇಕು, ಬೈಸಿಕೊಳ್ಳುವವರು ಓಡಿಹೋಗದಿರಲಿ ಅಂತ — ಗಂಡಿನ ಕಡೆ ಹೆಂಗಸರು ಹಾಡುತ್ತ ಹೆಣ್ಣಿನ ಕಡೆಯವರ ಹೊಟ್ಟೆ, ಮೂಗು, ಜಿಪುಣತನ ಏನನ್ನು ಬೇಕಾದರೂ ಆಡಿಕೊಳ್ಳಬಹುದು, ಆಡಿಸಿಕೊಂಡವರು ನಗಬೇಕು, ಸಿಟ್ಟು ಮಾಡಿದರೆ ಸಂಬಂಧಕ್ಕೇ ಅವಮಾನ. ಎದುರು ಸಾಲಿನ ಮೊದಲ ಎಲೆಗೆ ಮೇನೇಜರು, ಹೆಣ್ಣಿನ ತಂದೆಯ ಜಾಗದಲ್ಲಿ, ಜರಿ ಶಲ್ಯ ಹೊದ್ದು, ಈ ಬಾಲಿಕಾಶ್ರಮದ ಮೂವತ್ತು ಹುಡುಗಿಯರೂ ಅವರನ್ನು ಅಪ್ಪಾಜಿ ಅಂತಲೇ ಕರೆಯಬೇಕು, ಇಪ್ಪತ್ತು ವರ್ಷದ ಹಿಂದೆ ಅವಳೂ ಕರೆದಿದ್ದಳು, ಕರೆಯದಿದ್ದ ದಿನ ಊಟವಿಲ್ಲ, ಪಕ್ಕದ ಎಲೆಗೆ ಜಿಲ್ಲಾ ಕಚೇರಿಯ ಸಾಹೇಬರು, ಮಕ್ಕಳ ವರ್ಷ ಅಂತ ಸರ್ಕಾರ ಸಾರಿದೆಯಲ್ಲ, ಅದಕ್ಕೆ ಅನಾಥ ಹುಡುಗಿಯ ಮದುವೆಗೆ ಬಂದಿದ್ದಾರೆ, ನಾಳೆ ಆಶ್ರಮದ ವರದಿಗೆ ಸಹಿ ಹಾಕುತ್ತಾರಂತೆ, ಎಲ್ಲವೂ ತೃಪ್ತಿಕರ ಅಂತ, ಸಹಿ ಬಿದ್ದರೆ ಮುಗಿಯಿತು, ಆಶ್ರಮದ ಮೇಲೆ ಮೂರು ವರ್ಷದಿಂದ ಅವಳು ಬರೆದ ದೂರಿನ ಅರ್ಜಿಗಳೆಲ್ಲ ಒಲೆಗೆ.

ಹಳೇ ಮಕ್ಕಳೆಲ್ಲ ತವರುಮನೆಯವರ ಹಾಗೆ ಬಂದು ನಿಂತುಕೊಳ್ಳಬೇಕು ಅಂತ ಕಾರ್ಡು ಬರೆದವರು ಅಪ್ಪಾಜಿಯೇ, ಸಾಹೇಬರಿಗೆ ತೋರಿಸಲಿಕ್ಕೆ, ನೋಡಿ ಸಾರ್ ಹೆಂಗೆ ಬಾಳ್ತಾ ಅವೆ ನಮ್ಮ ಮಕ್ಕಳು, ಇವಳು ಹೊಳಲ್ಕೆರೆಯಲ್ಲಿ ಬಾಲವಾಡಿ ಟೀಚರು, ಆ ದುರುಗಕ್ಕ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಹೂವಿನ ಅಂಗಡಿ ಇಟ್ಟವಳೆ, ಅಂತ ಬೆಳಿಗ್ಗೆ ಹೇಳುತ್ತಿದ್ದರು, ಹೇಳುವಾಗ ಕೈ ಏಕನಾಥಮ್ಮನ ತಲೆಯ ಮೇಲೆ, ಅದೇ ಕೈ, ಅವಳು ಅಲುಗದೆ ನಿಂತಳು. ಹನ್ನೊಂದು ವರ್ಷ ಅವಳಿಗೆ ಆಗ, ಅನ್ನದಲ್ಲಿ ಹುಳ ಐತೆ ಅಂದಿದ್ದಳು, ಅಷ್ಟೇ ಅಂದದ್ದು, ಮಾರನೆಯ ದಿನ ಬಾವಿಕಟ್ಟೆಯ ಹತ್ತಿರ ಕೂರಿಸಿ ಕತ್ತರಿ, ಕರ್ ಕರ್ ಕರ್, ಹೇನು ಬಿದ್ದೈತೆ ಅಂತ ಎಲ್ಲರಿಗೂ ಹೇಳಿದರು, ಕೂದಲೆಲ್ಲ ಮಡಿಲಿಗೆ ಬಿತ್ತು, ಆಮೇಲೆ ಹಿಂಗತ್ತಿಗೆ ಗಾಳಿ ತಗಲಿತು, ಅಲ್ಲಿ ಗಾಳಿ ತಗಲುತ್ತದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ, ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತರೆ ಮುಂದೆ ಬರೀ ಜಡೆಗಳು, ನಡುವೆ ಎಲ್ಲೋ ಒಂದು ಬೋಳು ಹಿಂಗತ್ತು, ಅಂದರೆ ಆ ವಾರ ಬಾಯಿಬಿಟ್ಟವಳು ಅವಳು ಅಂತ ಲೆಕ್ಕ, ಯಾರೂ ಅವಳ ಹತ್ತಿರ ಮಾತಾಡುತ್ತಿರಲಿಲ್ಲ, ದುರುಗಕ್ಕ ಒಬ್ಬಳು ಬಂದು ಪಕ್ಕ ಮಲಗಿದಳು, ಲೇ, ನಿನ್ನ ತಲೆ ಹಲಸಿನಕಾಯಿ ಆಗೈತೆ ಕಣೇ, ಅಂತ ನಗಿಸಿದಳು. ಆ ದುರುಗಕ್ಕನೇ ಅರ್ಜಿಗಳೆಲ್ಲ ಹಿಂದಕ್ಕೆ ಬಂದಾಗ ಅಂದದ್ದು, ಬರೆದಿದ್ದನ್ನ ಯಾರು ಓದ್ತಾರೆ, ಹಾಡಿದ್ರೆ ಕಿವಿ ಮುಚ್ಚಿಕೊಳ್ಳಾಕೂ ಎರಡು ಕೈ ಬೇಕು ನೋಡು. ಹಾಡು ಕಟ್ಟತೊಡಗಿದ್ದು ಆಗ, ಹಳೇ ಮಕ್ಕಳು ಏಳು ಜನ, ಸೋಬಾನೆಯ ಧಾಟಿಗೆ ತಮ್ಮದೇ ಮಾತು, ನೀರಿನ ನಲ್ಲಿಯ ಹತ್ತಿರ, ಹೊಸದುರ್ಗದ ಸಂತೆಯಲ್ಲಿ, ಹೆಂಗಸರು ಸುತ್ತ ನಿಂತು ಕೇಳಿದರು, ಕೆಲವರು ಸೆರಗಿನಲ್ಲಿ ಕಣ್ಣೊರೆಸಿದರು, ಅಷ್ಟು, ಆಶ್ರಮದ ಬಾಗಿಲು ಮಾತ್ರ ಹಾಗೇ ಮುಚ್ಚಿತ್ತು.

ಅನ್ನ ಬಂತು. ಬೀಗರ ಪಂಕ್ತಿ ಎಡಕ್ಕೆ, ಹಾಡುವವರು ಬಲಕ್ಕೆ, ನಡುವೆ ಮದುಮಕ್ಕಳ ಭೂಮದ ಎಲೆ, ಒಂದೇ ಎಲೆಗೆ ಕಾಟಲಿಂಗಪ್ಪ ಮತ್ತು ಚಿತ್ತಮ್ಮ, ತಲೆ ತಗ್ಗಿಸಿ ಕೂತಿದ್ದಾಳೆ, ಸೊಂಟದ ತನಕ ಮೊಗ್ಗಿನ ಜಡೆ, ದುರುಗಕ್ಕನೇ ಕಟ್ಟಿದ್ದು, ಬೆಳಿಗ್ಗೆ ಎಣ್ಣೆ ಹಚ್ಚಲು ತಲೆಯ ಬಟ್ಟೆ ಬಿಚ್ಚಿದವಳು ಹಾಗೇ ನಿಂತುಬಿಟ್ಟಿದ್ದಳು, ಏಕನಾಥಿ, ಇಲ್ಲಿ ಬಾರೆ, ಬೆರಳಗಲ ಕೂದಲು. ಚೌರಿ ತಂದು ಹೊಲಿಗೆ ದಾರದಲ್ಲಿ ಬಿಗಿದು ಅದರ ಮೇಲೆ ಹೂವು. ಒಂದು ತಿಂಗಳ ಹಿಂದೆ ಸಾಹೇಬರು ತಪಾಸಣೆಗೆ ಬಂದು ಹುಡುಗಿಯರನ್ನು ಸಾಲು ನಿಲ್ಲಿಸಿ, ಅಪ್ಪಾಜಿಯನ್ನು ಪಕ್ಕಕ್ಕೇ ನಿಲ್ಲಿಸಿಕೊಂಡು, ಏನಮ್ಮ ಇಲ್ಲಿ ತೊಂದರೆ ಏನಾದರೂ ಇದೆಯಾ ಅಂದಿದ್ದರಂತೆ, ಮೂವತ್ತು ಜನರಲ್ಲಿ ಚಿತ್ತಮ್ಮ ಒಬ್ಬಳು ಐತೆ ಅಂದಳಂತೆ, ಒಂದೇ ಮಾತು, ಏನು ಅಂತ ಕೇಳುವ ಮೊದಲೇ ಕಾಫಿ ಬಂತು ಅಂತ ಸಾಹೇಬರನ್ನು ಒಳಗೆ ಕರೆದುಕೊಂಡು ಹೋದರಂತೆ, ಮಾರನೆಯ ದಿನ ಕತ್ತರಿ, ಹೇನು, ಆಮೇಲೆ ಗಡಿಬಿಡಿಯಲ್ಲಿ ಮದುವೆ, ಹರಿಯಬ್ಬೆ ಕಡೆಯ ಕುರಿಗಾರರ ಸಂಬಂಧ, ಹೆಂಡತಿ ಸತ್ತ ಗಂಡು. ನಾನು ಹಾಡಲೇನೇ ಚಿತ್ತಿ, ನಿನ್ನ ಜಡೇನೂ ಹಾಡಿನಾಗೆ ಬರ್ತೈತೆ, ಅಂತ ಏಕನಾಥಮ್ಮ ಕೇಳಿದಾಗ ಹುಡುಗಿ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ, ಬಾಚಣಿಗೆಯ ಹಲ್ಲು ಒಂದೊಂದಾಗಿ ಸವರುತ್ತ ಕೂತಳು. ಆ ಸುಮ್ಮನಿರುವಿಕೆ ಏನು, ಏಕನಾಥಮ್ಮ ಆಗಿನಿಂದ ಅದನ್ನೇ ತಿರುವಿ ತಿರುವಿ ನೋಡುತ್ತಿದ್ದಾಳೆ, ತಾಳಿ ಬಿದ್ದಾಗಿದೆ, ಆದರೂ ಇಂಥವಳು ನಮಗೆ ಬೇಡ ಅಂತ ಗಂಡಿನವರು ಬಿಟ್ಟು ಬಸ್ಸು ಹತ್ತಿದರೆ, ಹುಡುಗಿ ಮತ್ತೆ ಇದೇ ಬಾಗಿಲಿಗೆ, ಇದೇ ಕೈಗೆ, ಹಾಡದಿದ್ದರೆ ಇವಳೊಬ್ಬಳು ಪಾರಾಗುತ್ತಾಳೆ, ಗೋಡೆಗೆ ಒರಗಿ ನಿಂತ ಆ ಇಪ್ಪತ್ತೊಂಬತ್ತು ಜನ — ತಾನು ಬಾವಿಕಟ್ಟೆಯ ಮೇಲೆ ಕೂತಾಗಲೂ ಯಾರೋ ಹೀಗೇ ಯೋಚಿಸಿ ಸುಮ್ಮನಿದ್ದರೇನೋ, ಅವಳ ಒಳ್ಳೆಯದಕ್ಕೇ ಅಂತ, ಇಲ್ಲ, ಸಾಕು.

ದುರುಗಕ್ಕನನ್ನೂ ಎಬ್ಬಿಸಿಕೊಂಡು ಹೆಣ್ಣಿನ ಕಡೆಯ ಚಾಪೆಯಿಂದ ಈ ಕಡೆ ಬಂದು ಕೂತದ್ದು ಎಲೆ ಹಾಕುವಾಗಲೇ, ಹತ್ತು ಹೆಜ್ಜೆ, ಅಪ್ಪಾಜಿ ಹುಬ್ಬೇರಿಸಿದ್ದರು, ಆ ಕಡೆ ಯಾಕಮ್ಮ, ಗಂಡಿನ ತಾಯಿ ಜುಂಜಮ್ಮ ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಬರ್ಲಿ ಬಿಡ್ರಿ ಸ್ವಾಮಿ, ನಮ್ಮ ಕಡೆ ಹೆಂಗಸ್ರೆಲ್ಲ ಬಸ್ಸಿನ ಧೂಳು ಕುಡಿದು ಗಂಟಲು ಕಟ್ಟಿಕೊಂಡವ್ರೆ, ಹಾಡೋರು ಬೇಕಾಗಿತ್ತು, ಕುಂತ್ಕಳ್ರಿ ತಾಯಿ, ಚೆನ್ನಾಗಿ ಬೈಯ್ರಿ, ಅಂದಿದ್ದಳು, ಅಪ್ಪಾಜಿಯೂ ನಕ್ಕರು, ಪೇಟೆಯ ಮನುಷ್ಯ, ಏನೋ ಹೆಂಗಸರ ತಮಾಷೆ ಅಂದುಕೊಂಡರು. ಈಗ ಅನ್ನ ಕಲಸುತ್ತಿದ್ದಾರೆ, ತುತ್ತು ಎತ್ತಿದರು, ಬಾಯಿಗೆ ಹೋಯಿತು, ಸಾಹೇಬರದೂ ಹೋಯಿತು, ದುರುಗಕ್ಕ ಮೊಣಕೈಯಿಂದ ತಿವಿಯುತ್ತಾಳೆ, ಏಕನಾಥಮ್ಮ ದನಿ ಎತ್ತುತ್ತಾಳೆ, ಗುಡಾಣ ಹೊಟ್ಟೆಯ ಬೀಗಪ್ಪ, ನಿನಗೆಷ್ಟು ಬಡಿಸಿದರೂ ಸಾಲದಪ್ಪ, ಓ ಅಂತ ಎಲ್ಲರೂ ನಗುತ್ತಾರೆ, ಸಾಹೇಬರೂ, ದುರುಗಕ್ಕ ಸೊಲ್ಲು ಹಿಡಿದಳು, ಮೂವತ್ತು ಮಕ್ಕಳ ಬೀಗಪ್ಪ, ಆ ಮಕ್ಕಳ ಅನ್ನದಾಗೆ ಹುಳವ್ಯಾಕಪ್ಪ, ನಗು ಅರ್ಧಕ್ಕೆ ನಿಂತಿತು, ಬಡಿಸುವವನು ಸೌಟು ಹಿಡಿದು ಹಾಗೇ ನಿಂತ, ಮಾರುದ್ದ ಜಡೆಯ ಕೊಟ್ಟೆಯಪ್ಪ, ಅದು ಹುಟ್ಟಿದ ಜಡೆಯೋ ಸಂತೇದೋ ಹೇಳಪ್ಪ, ಬಾಯಿ ಬಿಟ್ಟ ಮಗಳ ತಲೆಯ ಮ್ಯಾಲೆ ಕತ್ತರಿ ಆಡಿದ ಕೈ ಯಾವುದಪ್ಪ.

ಏನಮ್ಮ ಇದು, ಶುಭಕಾರ್ಯದಲ್ಲಿ, ನಿಲ್ಲಿಸು, ಅಪ್ಪಾಜಿ ಅರ್ಧ ಎದ್ದಿದ್ದಾರೆ, ಕೈಯಲ್ಲಿ ಅನ್ನ, ಜುಂಜಮ್ಮನ ದನಿ ಅಡ್ಡ ಬರುತ್ತದೆ, ನಗುವಿಲ್ಲದ ದನಿ, ಪಂಕ್ತಿಯಾಗೆ ಏಳಬ್ಯಾಡ್ರಿ ಸ್ವಾಮಿ, ಕುಂತ್ಕಳ್ರಿ, ಬೀಗರ ಹಾಡಿಗೆ ಸಿಟ್ಟಾಗಬಾರ್ದು, ಕುರಿಗೆ ವರ್ಷಕ್ಕೆ ಎರಡು ಸಲ ನಾವೂ ಕತ್ತರಿಸ್ತೀವಿ, ಉಣ್ಣೆ ಬೆಳೀತೈತೆ, ಕೂದಲೂ ಬೆಳೀತೈತೆ, ಸೊಸೆ ನಮ್ಮೋಳೇ, ಕತ್ತರಿಸಿದ ಕೈ ಯಾವುದು ಅಂತ ಕೇಳ್ತಾಳೆ, ಅದು ಹೇಳ್ರಿ. ಸಾಹೇಬರ ಕಣ್ಣು ಅಪ್ಪಾಜಿಯಿಂದ ಗೋಡೆಯ ಹುಡುಗಿಯರಿಗೆ, ಅಲ್ಲಿಂದ ಭೂಮದ ಎಲೆಗೆ, ಇದು ನಿಜವೇನಮ್ಮ, ಚಿತ್ತಮ್ಮನನ್ನು ಕೇಳುತ್ತಿದ್ದಾರೆ, ಈ ಸಲ ಕಾಫಿ ಇಲ್ಲ, ಏನೂ ಇಲ್ಲ, ಹುಡುಗಿಯ ತಗ್ಗಿಸಿದ ತಲೆ ತಗ್ಗಿಸಿದ ಹಾಗೇ, ಆದರೆ ಅರಿಶಿನದ ಕೈ ಮೆಲ್ಲಗೆ ಮೇಲೆ ಹೋಗುತ್ತದೆ, ಬೆನ್ನ ಹಿಂದೆ, ದಾರದ ಗಂಟನ್ನು ಹುಡುಕುತ್ತದೆ, ಎಳೆಯುತ್ತದೆ, ಜಡೆ ಜಾರಿ ಎಲೆಯ ಪಕ್ಕದಲ್ಲಿ ಸುರುಳಿಯಾಗಿ ಬೀಳುತ್ತದೆ, ಸಾಹೇಬರು ನೋಡುತ್ತಿದ್ದಾರೆ, ಎಲ್ಲರೂ ನೋಡುತ್ತಿದ್ದಾರೆ, ಬೆರಳಗಲ ಕೂದಲು, ಅದರ ಕೆಳಗೆ ಕತ್ತರಿಯ ತುದಿ ತಾಗಿದ ಕೆಂಪು ಗೆರೆ, ಹಿಂಗತ್ತು, ಬರಿಯ ಹಿಂಗತ್ತು —